ಕತ್ತಿ ಇಟ್ಟು ಪುಸ್ತಕ ಹಿಡಿದವನು

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ಮುಖ್ಯೋಪಾಧ್ಯಾಯರು ಫೋನಿನಲ್ಲಿ ನನಗೆ ಕೊಟ್ಟ ವಿಷಯ 'ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಉದ್ಯೋಗಾವಕಾಶಗಳು'. ಆ ವಿಷಯ ಮಾತನಾಡುವವರು ಈಗ ಊರಿಗೆ ಹತ್ತು ಜನ ಸಿಗುತ್ತಾರೆ. ಸಾರ್, ನಾನು ಒಂದು ಕಂಪ್ಯೂಟರ್ ಆಟದ ಬಗ್ಗೆ ಹೇಳುತ್ತೇನೆ, ಅದರಲ್ಲೂ ಆ ಆಟದ ಒಂದೇ ಒಂದು ನಿಯಮದ ಬಗ್ಗೆ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಕ್ಕಳಿಗೆ ಮೊಬೈಲಲ್ಲಿ ಆಟ ಆಡಿ ಅಂತ ಮಾತ್ರ ಹೇಳ್ಬೇಡಪ್ಪ" ಎಂದರು. ಹೇಳುವುದಿಲ್ಲ. ಈ ಆಟ ಮೊಬೈಲು ಎಲ್ಲರ ಕೈಗೆ ಬರುವ ಮೊದಲಿನದು. 1998ರ ಡಿಸೆಂಬರಿನಲ್ಲಿ ಐದು ಸಿಡಿಗಳಲ್ಲಿ ಬಂತು. ಹೆಸರು 'ಬಾಲ್ಡರ್ಸ್ ಗೇಟ್'.

ನಿಯಮದ ಹೆಸರು ಕ್ಲಾಸು ಬದಲಾಯಿಸುವುದು. ಮೊನ್ನೆ ಮನೆಯಲ್ಲಿ ಇದನ್ನೇ ಅಮ್ಮನಿಗೆ ಹೇಳಿದೆ. "ಎಂಟನೇ ಕ್ಲಾಸಿಂದ ಒಂಬತ್ತಕ್ಕೆ ಹೋಗೋದಕ್ಕೆಲ್ಲ ಭಾಷಣ ಮಾಡ್ತಾರೇನೋ ಮಗ?" ಎಂದರು. ಆ ಕ್ಲಾಸಲ್ಲ. ಈ ಆಟದಲ್ಲಿ ಕ್ಲಾಸು ಎಂದರೆ ಪಾತ್ರದ ಕಸುಬು. ಯೋಧ, ಮಂತ್ರವಾದಿ, ಪೂಜಾರಿ, ಕಳ್ಳ, ಹೀಗೆ. ಆಟ ಶುರುವಾಗುವಾಗಲೇ ಒಂದನ್ನು ಆರಿಸಿಕೊಳ್ಳಬೇಕು. ನೀವು ಬೆಳೆದದ್ದು ಕ್ಯಾಂಡಲ್‌ಕೀಪ್ ಎಂಬ ಕೋಟೆಯಲ್ಲಿ. ಕೋಟೆ ಎನ್ನುವುದಕ್ಕಿಂತ ದೊಡ್ಡ ಪುಸ್ತಕ ಭಂಡಾರ ಅದು. ಸಾಕಿದ ತಂದೆಯ ಜೊತೆ ಅಲ್ಲಿಂದ ಹೊರಟು, ಮೊದಲ ರಾತ್ರಿಯೇ ಅವನನ್ನು ಕಳೆದುಕೊಂಡು, ದಾರಿಯಲ್ಲಿ ಸಿಕ್ಕವರನ್ನು ಸೇರಿಸಿಕೊಂಡು ಆರು ಜನರ ತಂಡ ಕಟ್ಟಿ ಊರೂರು ಅಲೆಯುವುದು ಕಥೆ. ತೋಳ, ರಾಕ್ಷಸ, ಕಳ್ಳಕಾಕರನ್ನು ಎದುರಿಸಿದಾಗ ಅನುಭವದ ಅಂಕಗಳು ಸಿಗುತ್ತವೆ. ಅಂಕ ಇಷ್ಟಾದರೆ ಒಂದು ಲೆವೆಲ್ ಮೇಲೆ, ಅಷ್ಟಾದರೆ ಇನ್ನೊಂದು.

ಇದನ್ನು ಮಾಡಿದವರ ಕಥೆಯೂ ಚೆನ್ನಾಗಿದೆ. ಕೆನಡಾದ ಎಡ್ಮಂಟನ್ ಊರಿನ ಬಯೋವೇರ್ ಎಂಬ ಕಂಪನಿ. 1995ರಲ್ಲಿ ಅದನ್ನು ಶುರು ಮಾಡಿದವರಲ್ಲಿ ಮೂವರು ಡಾಕ್ಟರುಗಳು, ನಿಜವಾದ ಎಂಬಿಬಿಎಸ್ ಥರದ ಡಾಕ್ಟರುಗಳು: ರೇ ಮುಜೈಕಾ, ಗ್ರೆಗ್ ಜೆಸ್ಚುಕ್, ಆಗಸ್ಟಿನ್ ಯಿಪ್. ಇಬ್ಬರು ಆಟದ ಕಸುಬಿನಲ್ಲೇ ಉಳಿದರು, ಯಿಪ್ ಮರಳಿ ವೈದ್ಯವೃತ್ತಿಗೆ ಹೋದರು. ಕ್ಲಾಸು ಬದಲಾಯಿಸುವುದು ಅವರಿಗೆ ಬರೀ ಆಟದ ನಿಯಮವಾಗಿರಲಿಲ್ಲ ಎಂದು ನನಗೆ ಆಗಾಗ ಅನ್ನಿಸುತ್ತದೆ.

ನಿಯಮ ಮಾತ್ರ ಅವರದಲ್ಲ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟ ಹೊರತಂದರು. ಕಂಪ್ಯೂಟರ್ ಇಲ್ಲ. ಮೇಜಿನ ಸುತ್ತ ಕುಳಿತು, ಕಾಗದ, ಪೆನ್ಸಿಲು, ದಾಳ ಇಟ್ಟುಕೊಂಡು ಕಥೆ ಕಟ್ಟುತ್ತ ಆಡುವುದು. ಅದರ ಮುಂದುವರಿದ ರೂಪದ ಎರಡನೆಯ ಆವೃತ್ತಿ 1989ರಲ್ಲಿ ಬಂತು. ಆ ಪುಸ್ತಕದ ನಿಯಮಗಳನ್ನೇ ಬಯೋವೇರ್‌ನವರು ಕಂಪ್ಯೂಟರಿಗೆ ಇಳಿಸಿದರು.

ಈಗ ನಿಯಮ ಕೇಳಿ. ಒಬ್ಬ ಯೋಧ ಏಳನೆಯ ಲೆವೆಲ್ ತನಕ ಬೆಳೆದಿದ್ದಾನೆ ಎನ್ನಿ. ಅವನಿಗೆ ಮಂತ್ರವಾದಿಯಾಗಬೇಕು ಅನ್ನಿಸಿತು. ಮೊದಲು ಅರ್ಹತೆ ಬೇಕು: ಹಳೆಯ ಕಸುಬಿಗೆ ಬೇಕಾದ ಶಕ್ತಿ ಕನಿಷ್ಠ 15, ಹೊಸ ಕಸುಬಿಗೆ ಬೇಕಾದ ಬುದ್ಧಿ ಕನಿಷ್ಠ 17. ಮನುಷ್ಯನಿಗೆ ಹುಟ್ಟಿನಿಂದ ಸಿಗುವುದೇ ಹೆಚ್ಚೆಂದರೆ 18, ಆದ್ದರಿಂದ ಇದು ಸಣ್ಣ ಮಾತಲ್ಲ. ಅರ್ಹತೆ ಇಲ್ಲದಿದ್ದರೆ ಆ ಗುಂಡಿ ಮಂಕಾಗಿರುತ್ತದೆ, ಒತ್ತಿದರೂ ಒತ್ತುವುದಿಲ್ಲ. ಇದ್ದವನು ಒತ್ತಿದ ಕ್ಷಣ ಅವನು ಒಂದನೆಯ ಲೆವೆಲ್ಲಿನ ಮಂತ್ರವಾದಿ. ದಿನಕ್ಕೆ ಒಂದೇ ಮಂತ್ರ, ಅದೂ ಚಿಕ್ಕದು. ಅಷ್ಟು ವರ್ಷ ಬೀಸಿದ ಕತ್ತಿ ಅವನ ಕೈಯಲ್ಲಿ ಕೆಲಸ ಮಾಡುವುದಿಲ್ಲ. ಕಬ್ಬಿಣದ ಕವಚ ಬಿಚ್ಚಿಟ್ಟು, ಕವಣೆ ಕಲ್ಲು ಹಿಡಿದು ಎಲ್ಲರ ಹಿಂದೆ ನಿಲ್ಲಬೇಕು. ನಿನ್ನೆ ರಾಕ್ಷಸನನ್ನು ಕೆಡವಿದವನು ಇವತ್ತು ತೋಳ ಕಂಡರೆ ಓಡುತ್ತಾನೆ.

ಆದರೆ ಹಳೆಯದು ಹೋಗಿಲ್ಲ. ಯೋಧನಾಗಿದ್ದಾಗ ಗಳಿಸಿದ ಪ್ರಾಣದ ಅಂಕಗಳು ಮೈಯಲ್ಲೇ ಇರುತ್ತವೆ. ಉಳಿದ ವಿದ್ಯೆ ನಿದ್ದೆ ಹೋಗಿರುತ್ತದೆ. ಹೊಸ ಕಸುಬಿನ ಲೆವೆಲ್ ಹಳೆಯ ಲೆವೆಲ್ಲನ್ನು ದಾಟಿದ ದಿನ, ಅಂದರೆ ಇವನು ಎಂಟನೆಯ ಲೆವೆಲ್ಲಿನ ಮಂತ್ರವಾದಿಯಾದ ದಿನ, ಏಳನೆಯ ಲೆವೆಲ್ಲಿನ ಯೋಧ ಎದ್ದು ಬರುತ್ತಾನೆ. ಆಮೇಲೆ ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಮಂತ್ರ. ಅಂಥವನು ತಂಡದಲ್ಲಿದ್ದರೆ ಆಟದ ಬಣ್ಣವೇ ಬೇರೆ.

ಇದು ಪರದೇಶದವರ ಕಟ್ಟುಕತೆ ಎಂದು ಹಿಂದಿನ ಸಾಲಿನ ಹಿರಿಯರು ಅಂದುಕೊಳ್ಳುತ್ತಿರಬಹುದು. ಹರಿಶ್ಚಂದ್ರ ನಾಟಕ ಆಡಿದ ಊರು ನಮ್ಮದು, ವಿಶ್ವಾಮಿತ್ರ ನಮಗೆ ಗೊತ್ತು. ಕೌಶಿಕ ರಾಜ. ವಸಿಷ್ಠರ ಹಸುವಿಗೆ ಕೈ ಹಾಕಿ, ಸೈನ್ಯವೆಲ್ಲ ಸೋತು, ಬಿಲ್ಲು ಬಿಸಾಡಿ ತಪಸ್ಸಿಗೆ ಕುಳಿತವನು. ಅವನ ಕಥೆಯ ಉದ್ದಕ್ಕೂ ಏನಾಗುತ್ತದೆ? ರಾಜನ ಹಳೇ ಕೋಪ, ಹಳೇ ಹಟ ಎದ್ದಾಗಲೆಲ್ಲ ಕೂಡಿಟ್ಟ ತಪಸ್ಸು ಖರ್ಚಾಗುತ್ತದೆ. ತ್ರಿಶಂಕುವಿಗಾಗಿ ಒಮ್ಮೆ, ರಂಭೆಗೆ ಶಾಪ ಕೊಟ್ಟು ಒಮ್ಮೆ. ಆಟದ ಪುಸ್ತಕದಲ್ಲಿ ಇದಕ್ಕೆ ಸರಿಯಾಗಿ ಒಂದು ನಿಯಮ ಇದೆ. ಹೊಸ ಕಸುಬು ಹಿಡಿದವನು ಮಧ್ಯದಲ್ಲಿ ಹಳೇ ಕಸುಬಿನ ವಿದ್ಯೆ ಬಳಸಿದರೆ ಆ ಕಾಳಗದ ಅನುಭವ ಪೂರ್ತಿ ಹೋಯಿತು, ಆ ಇಡೀ ಸಾಹಸದಿಂದ ಬರಬೇಕಾದದ್ದರಲ್ಲೂ ಅರ್ಧ ಕಡಿತ. ಕಂಪ್ಯೂಟರ್ ಆಟದವರು ಇನ್ನೂ ಬಿಗಿ ಮಾಡಿದರು, ಹಳೆಯದನ್ನು ಬಳಸಲು ಬಿಡುವುದೇ ಇಲ್ಲ. ದ್ರೋಣರ ಕಥೆ ಬೇರೆ, ಅವರಿಗೆ ವೇದವೂ ಬಿಲ್ಲೂ ಎಳವೆಯಿಂದಲೇ ಜೊತೆಯಾಗಿ ಬಂದವು. ಆಟದಲ್ಲಿ ಎಲ್ಫ್ ಮೊದಲಾದ ಬೇರೆ ಕುಲದವರಿಗೆ ಹೀಗೆ ಎರಡು ಕಸುಬನ್ನು ಮೊದಲ ದಿನದಿಂದ ಜೊತೆಜೊತೆಗೆ ಕಲಿಯುವ ಅವಕಾಶ ಇದೆ. ಬಂದ ಅಂಕ ಎರಡಕ್ಕೂ ಸಮನಾಗಿ ಹಂಚಿಹೋಗುತ್ತದೆ, ನಿಧಾನ, ಆದರೆ ಎಂದೂ ಬೀಳುವುದಿಲ್ಲ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಹಾರುವುದು ಮನುಷ್ಯರಿಗೆ ಮಾತ್ರ.

ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿ, ಹಾಸ್ಟೆಲಿನಲ್ಲಿ ಒಬ್ಬ ಸೀನಿಯರ್ ಕಂಪ್ಯೂಟರಿನಲ್ಲಿ ಈ ನಿಯಮವನ್ನು ಮೊದಲ ಸಲ ಓದಿದೆ. (ಕಾಪಿ ಮಾಡಿದ ಸಿಡಿ. ತಪ್ಪು ಒಪ್ಪಿಕೊಳ್ಳುತ್ತೇನೆ. 2012ರಲ್ಲಿ ಆಟದ ಹೊಸ ಆವೃತ್ತಿ ಬಂದಾಗ ಸಂಬಳದ ದುಡ್ಡಿನಲ್ಲಿ ಕೊಂಡೆ.) ಓದಿದವನು ಇಲಿಯಿಂದ, ಅಂದರೆ ಮೌಸಿನಿಂದ, ಕೈ ತೆಗೆದು ಸುಮ್ಮನೆ ಕುಳಿತೆ. ಇದು ನನಗೆ ಆಗಲೇ ಆಗಿಹೋಗಿತ್ತು.

2005ರಲ್ಲಿ ಈ ಶಾಲೆಯಿಂದ ಎಸ್ಸೆಸ್ಸೆಲ್ಸಿ ಮುಗಿಸಿದೆ. ವಿಜ್ಞಾನದಲ್ಲಿ ಶಾಲೆಗೆ ಎರಡನೆಯವನು. ವೇಗೋತ್ಕರ್ಷ, ಜಡತ್ವ, ವಕ್ರೀಭವನ, ದ್ಯುತಿಸಂಶ್ಲೇಷಣೆ, ಏನು ಕೇಳಿದರೂ ನಿದ್ದೆಯಲ್ಲಿ ಹೇಳುತ್ತಿದ್ದೆ. ಜೂನ್‌ನಲ್ಲಿ ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಪಿಯುಸಿ ವಿಜ್ಞಾನ, ಇಂಗ್ಲಿಷ್ ಮಾಧ್ಯಮ. ಮೊದಲ ವಾರ ಲೆಕ್ಚರರ್ ಹೇಳಿದ 'ಮೊಮೆಂಟಮ್' ಎಂಬ ಪದವನ್ನು ನಾನು 'ಮೂಮೆಂಟ್' ಎಂದು ಬರೆದುಕೊಂಡಿದ್ದೆ. ಅದು ನಮ್ಮ 'ಸಂವೇಗ' ಎಂದು ಗೊತ್ತಾಗಲು ಒಂದು ತಿಂಗಳು ಬೇಕಾಯಿತು. ಪ್ರತಿ ವಾಕ್ಯವನ್ನೂ ತಲೆಯಲ್ಲಿ ಕನ್ನಡಕ್ಕೆ ತಿರುಗಿಸಿ, ಉತ್ತರವನ್ನು ಕನ್ನಡದಲ್ಲಿ ಯೋಚಿಸಿ, ಮತ್ತೆ ಇಂಗ್ಲಿಷಿಗೆ ತಿರುಗಿಸುವಷ್ಟರಲ್ಲಿ ಬೋರ್ಡು ಒರೆಸಿಯಾಗಿರುತ್ತಿತ್ತು. ಮೊದಲ ಟೆಸ್ಟಿನಲ್ಲಿ ಭೌತಶಾಸ್ತ್ರಕ್ಕೆ 50ಕ್ಕೆ 9. ಮನೆಯಲ್ಲಿ 39 ಎಂದು ಹೇಳಿದೆ. ಅಪ್ಪ ಅಷ್ಟೇನಾ ಎಂದರು.

ಆ ಒಂಬತ್ತರ ದಿನ ನನಗಾದ ಭಯ ಅಂಕದ್ದಲ್ಲ. ಇಲ್ಲಿ ಕಲಿತದ್ದೆಲ್ಲ ಸುಳ್ಳಾಗಿತ್ತೇನೋ, ನಮ್ಮ ಶಾಲೆಯ ವಿಜ್ಞಾನ ಹಳ್ಳಿಯ ವಿಜ್ಞಾನ, ಅದು ಅಸಲಿ ವಿಜ್ಞಾನವಲ್ಲವೇನೋ ಎಂಬ ಭಯ. ವಿದ್ಯೆ ನಿದ್ದೆ ಹೋಗಿದೆ ಎಂದು ಯಾರೂ ಹೇಳಿರಲಿಲ್ಲ. ಸತ್ತುಹೋಗಿದೆ ಎಂದುಕೊಂಡಿದ್ದೆ.

ಅದು ಎದ್ದ ದಿನ ಚೆನ್ನಾಗಿ ನೆನಪಿದೆ. ದ್ವಿತೀಯ ಪಿಯುಸಿ, 2006ರ ಆಗಸ್ಟ್. ಲೆಕ್ಚರರ್ 'ಪೊಟೆನ್ಷಿಯಲ್ ಡಿಫರೆನ್ಸ್' ಎಂದರೇನು ಎಂದು ಕೇಳಿದರು. ಕಾನ್ವೆಂಟಿನಿಂದ ಬಂದವರು ಪುಸ್ತಕದ ವಾಕ್ಯ ಒಪ್ಪಿಸಿದರು. ಅದಲ್ಲ, ಅರ್ಥ ಹೇಳಿ ಎಂದರು. ಕ್ಲಾಸು ಸುಮ್ಮನಾಯಿತು. ನನಗೆ ತಟ್ಟನೆ ಈ ಶಾಲೆಯ ಹಿಂದಿನ ನೀರಿನ ಟ್ಯಾಂಕು ಕಣ್ಣಿಗೆ ಬಂತು. ಹತ್ತನೇ ಕ್ಲಾಸಿನಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು 'ವಿಭವಾಂತರ' ಪಾಠಕ್ಕೆ ಎಲ್ಲರನ್ನೂ ಅದರ ಬುಡಕ್ಕೆ ಕರೆದುಕೊಂಡು ಹೋಗಿ, ನಲ್ಲಿ ಬಿಟ್ಟು, "ನೀರು ಜೋರಾಗಿ ಬರೋದು ಟ್ಯಾಂಕಲ್ಲಿ ಎಷ್ಟು ನೀರಿದೆ ಅನ್ನೋದರಿಂದಲ್ಲ ಕಣ್ರೋ, ಎಷ್ಟು ಎತ್ತರದಲ್ಲಿದೆ ಅನ್ನೋದರಿಂದ" ಎಂದಿದ್ದರು. ಎದ್ದು ನಿಂತು ಹರಕು ಮುರುಕು ಇಂಗ್ಲಿಷಿನಲ್ಲಿ ನಮ್ಮೂರ ಟ್ಯಾಂಕಿನ ಕಥೆ ಹೇಳಿದೆ. ಲೆಕ್ಚರರ್ ಚಾಕ್‌ಪೀಸು ಕೆಳಗಿಟ್ಟು, "ಯಾವ ಶಾಲೆಯಪ್ಪ ನೀನು?" ಎಂದು ಕನ್ನಡದಲ್ಲಿ ಕೇಳಿದರು. ಅವರು ಕ್ಲಾಸಿನಲ್ಲಿ ಕನ್ನಡ ಮಾತಾಡಿದ್ದನ್ನು ಕೇಳಿದ್ದು ಅದೇ ಮೊದಲು. ಜೂನ್‌ನಿಂದ ಮುಂದಿನ ವರ್ಷದ ಆಗಸ್ಟ್. ಲೆಕ್ಕ ಹಾಕಿದರೆ ಹದಿನಾಲ್ಕು ತಿಂಗಳು.

ಈಗ ಆಟದ ಲೆಕ್ಕಕ್ಕೆ ಬರೋಣ, ಏಕೆಂದರೆ ನನಗೆ ಬಹಳ ದಿನ ಅರ್ಥವಾಗದ ಒಂದು ವಿಷಯ ಅಲ್ಲಿದೆ. ಯೋಧ ಮೂರನೆಯ ಲೆವೆಲ್ಲಿಗೆ ಬರಲು 4,000 ಅಂಕ ಸಾಕು. ಅಲ್ಲಿಯೇ ಕಸುಬು ಬದಲಾಯಿಸಿದರೆ, ಮಂತ್ರವಾದಿಯಾಗಿ ನಾಲ್ಕನೆಯ ಲೆವೆಲ್ ಮುಟ್ಟಲು 10,000. ಬೇಗ ಮುಗಿಯುತ್ತದೆ. ಏಳನೆಯ ಲೆವೆಲ್ ತನಕ ಬೆಳೆದ ಯೋಧನಿಗೆ 64,000 ಅಂಕ ಆಗಿರುತ್ತದೆ. ಅವನು ಬದಲಾಯಿಸಿದರೆ ಎಂಟನೆಯ ಲೆವೆಲ್ಲಿಗೆ ಸೊನ್ನೆಯಿಂದ 90,000 ಗಳಿಸಬೇಕು. ಅಂದರೆ ಹೆಚ್ಚು ಬಲ್ಲವನೇ ಹೆಚ್ಚು ದಿನ ದುರ್ಬಲನಾಗಿರಬೇಕು. ಒಂಬತ್ತನೆಯವನ ಪಾಡು ಕೇಳಲೇಬೇಡಿ, ಅವನಿಗೆ ಎರಡೂವರೆ ಲಕ್ಷ.

ಇದು ಗೊತ್ತಾದಾಗ ನನ್ನ ಗೆಳೆಯನೊಬ್ಬ ನೆನಪಾದ. ಅವನು ಈ ಶಾಮಿಯಾನದಲ್ಲೇ ಇದ್ದಾನೆ. ಹೇಳಲು ಒಪ್ಪಿಗೆ ಕೊಟ್ಟಿದ್ದಾನೆ, ಹೆಸರು ಬೇಡ ಎಂದಿದ್ದಾನೆ. ವಿಜ್ಞಾನದಲ್ಲಿ ನಾನು ಶಾಲೆಗೆ ಎರಡನೆಯವನು ಎಂದೆನಲ್ಲ, ಮೊದಲನೆಯವನು ಅವನು. ಗಣಿತದಲ್ಲಂತೂ ನಾನು ಅವನ ಹತ್ತಿರವೂ ಇರಲಿಲ್ಲ. ಇಬ್ಬರೂ ಒಂದೇ ಕಾಲೇಜಿಗೆ ಸೇರಿದೆವು, ಇಬ್ಬರಿಗೂ ಮೊದಲ ಟೆಸ್ಟಿನಲ್ಲಿ ಒಂದೇ ಗತಿ. ನನಗೆ ನಾಚಿಕೆಯಾಯಿತು. ಅವನಿಗಾದದ್ದು ಅದಕ್ಕಿಂತ ದೊಡ್ಡದು. ಡಿಸೆಂಬರಿನಲ್ಲಿ ಬಿಟ್ಟುಬಿಟ್ಟ.

ಇನ್ನೊಂದು ಕಾರಣವೂ ಇತ್ತು, ಕೇಳಿದರೆ ನಗು ಬರುತ್ತದೆ. ಬಸ್ಸು. ಆಟದಲ್ಲಿ ಒಂದು ಒಳ್ಳೆಯ ನಿಯಮ ಇದೆ: ರಾಕ್ಷಸನನ್ನು ಯಾರೇ ಹೊಡೆಯಲಿ, ಅಂಕವನ್ನು ಬದುಕಿರುವ ತಂಡದವರೆಲ್ಲ ಸಮನಾಗಿ ಹಂಚಿಕೊಳ್ಳುತ್ತಾರೆ. ಹಿಂದೆ ನಿಂತು ಕಲ್ಲೆಸೆಯುವ ಹೊಸ ಮಂತ್ರವಾದಿ ಬೆಳೆಯುವುದು ಹೀಗೆಯೇ, ಮುಂದೆ ನಿಂತವರ ದುಡಿಮೆಯಿಂದ. ನಾನು ಹೋಗುತ್ತಿದ್ದ ಏಳೂಮುಕ್ಕಾಲರ ಬಸ್ಸಿನಲ್ಲಿ ಇದೇ ಶಾಲೆಯ ಹಿಂದಿನ ಬ್ಯಾಚಿನ ಒಬ್ಬ ಅಕ್ಕ ಬಿಎಸ್ಸಿಗೆ ಹೋಗುತ್ತಿದ್ದರು. ನಲವತ್ತು ನಿಮಿಷದ ದಾರಿ. ದಿನಾ ಭೌತಶಾಸ್ತ್ರದ ಒಂದು ಪುಟ ನನ್ನಿಂದ ಜೋರಾಗಿ ಓದಿಸುತ್ತಿದ್ದರು, ಕಂಡಕ್ಟರಿಗೂ ಬಾಯಿಪಾಠ ಆಗಿತ್ತು. ನನ್ನ ಗೆಳೆಯ ಡೇರಿಗೆ ಹಾಲು ಹಾಕಿ ಎಂಟೂವರೆಯ ಬಸ್ಸಿಗೆ ಬರುತ್ತಿದ್ದ. ಆ ಬಸ್ಸಿನಲ್ಲಿ ಯಾರೂ ಇರಲಿಲ್ಲ. ನನಗೂ ಅವನಿಗೂ ಇದ್ದ ವ್ಯತ್ಯಾಸ ಇಷ್ಟೇ, ಬೇರೆ ಏನಾದರೂ ಹೇಳಿದರೆ ನಾನು ನನ್ನನ್ನೇ ಹೊಗಳಿಕೊಂಡಂತೆ.

ನಿನ್ನೆ ರಾತ್ರಿ ಶಾಮಿಯಾನ ಹಾಕುವಾಗ ಶಾಲೆಯ ಮೆಟ್ಟಿಲ ಮೇಲೆ ಕುಳಿತು ಈ ಭಾಷಣವನ್ನು ಅವನಿಗೇ ಮೊದಲು ಓದಿ ಹೇಳಿದೆ. ಈಗ ಅವನದು ಮೋಟಾರ್ ವೈಂಡಿಂಗ್ ಅಂಗಡಿ, ಸುತ್ತ ಹತ್ತು ಹಳ್ಳಿಯ ಬೋರ್‌ವೆಲ್ಲುಗಳು ಅವನ ಕೈಯಲ್ಲಿವೆ. ಪೂರ್ತಿ ಕೇಳಿ, "ಅರ್ಧಕ್ಕೇ ಬಿಟ್ಟೋನ ಕತೆ ಏನು ಆ ಆಟದಲ್ಲಿ?" ಎಂದ.

ಕತ್ತಿಯೂ ಇಲ್ಲ, ಮಂತ್ರವೂ ಇಲ್ಲ, ಹಾಗೇ ಉಳೀತಾನೆ ಎಂದೆ. ಸಾಮಾನ್ಯವಾಗಿ ಆಡುವವರು ಬೇಜಾರಾಗಿ, ಬದಲಾಯಿಸೋ ಮುಂಚೆ ಸೇವ್ ಮಾಡಿಟ್ಟ ಆಟಕ್ಕೆ ವಾಪಸ್ ಹೋಗ್ತಾರೆ ಎಂದೆ.

"ನಮ್ಗೆ ಅದೊಂದಿಲ್ಲ ಬಿಡು" ಎಂದು ನಕ್ಕ. ಸ್ವಲ್ಪ ಹೊತ್ತು ಬಿಟ್ಟು, "ಅಲ್ಲ ಕಣೋ, ನಿನ್ ಆಟದಲ್ಲಿ ಇನ್ನೆಷ್ಟು ಅಂಕ ಬೇಕು ಅಂತ ಬರ್ದಿರ್ತದಲ್ವಾ? ತೊಂಬತ್ತು ಸಾವಿರ ಆದ್ರೂ ಸರಿ, ಬರ್ದಿರ್ತದೆ. ನಮ್ಗೆ ಯಾರೂ ಹೇಳಲಿಲ್ಲ. ಇನ್ನೊಂದು ಎಂಟು ತಿಂಗ್ಳು ಕಷ್ಟಪಡು, ಆಮೇಲೆ ಸರಿಹೋಗ್ತದೆ ಅಂತ ಒಬ್ರು ಹೇಳಿದ್ರೆ ನಾನೂ ಇರ್ತಿದ್ದೆ" ಎಂದ.

ಭಾಷಣದ ಮೊದಲ ಪ್ರತಿಯಲ್ಲಿ ಇದು ಇರಲಿಲ್ಲ. ರಾತ್ರಿ ಸೇರಿಸಿದೆ. ಪಿಯುಸಿಗೆ ಹೋಗುವ ಮಕ್ಕಳೇ, ನನ್ನದು ಹದಿನಾಲ್ಕು ತಿಂಗಳು. ನಿಮ್ಮದು ಕಡಿಮೆ ಇರಬಹುದು, ಹೆಚ್ಚೂ ಇರಬಹುದು. ಬರೆದಿಟ್ಟುಕೊಳ್ಳಿ.

ಆಟದಲ್ಲಿ ಒಂದು ಉಪಾಯವೂ ಇದೆ. 2000ದಲ್ಲಿ ಬಂದ ಎರಡನೆಯ ಭಾಗದಲ್ಲಿ, ಮಂತ್ರದ ಓಲೆಯೊಂದನ್ನು ಮಂತ್ರವಾದಿ ತನ್ನ ಪುಸ್ತಕಕ್ಕೆ ಬರೆದುಕೊಂಡರೆ ಅದಕ್ಕೂ ಅನುಭವದ ಅಂಕ ಸಿಗುತ್ತದೆ. ಹಾಗಾಗಿ ಅನುಭವಿಗಳು ಏನು ಮಾಡುತ್ತಾರೆಂದರೆ, ಯೋಧನಾಗಿರುವಾಗಲೇ ಸಿಕ್ಕ ಓಲೆಗಳನ್ನೆಲ್ಲ ಮಾರದೆ ಚೀಲದಲ್ಲಿ ಕೂಡಿಡುತ್ತಾರೆ. ಕಸುಬು ಬದಲಾಯಿಸಿದ ದಿನವೇ ಒಂದೊಂದಾಗಿ ಬರೆದುಕೊಂಡು ಕೂತ ಜಾಗದಲ್ಲೇ ನಾಲ್ಕಾರು ಲೆವೆಲ್ ಏರಿಬಿಡುತ್ತಾರೆ. (ಬರೆಯುವಾಗ ತಪ್ಪಿದರೆ ಓಲೆ ಹಾಳಾಗುತ್ತದೆ.)

ನಮಗೂ ಓಲೆಗಳನ್ನು ಕೊಟ್ಟಿದ್ದರು. ಹತ್ತನೇ ಕ್ಲಾಸಿನ ಕೊನೆಯ ವಾರ ಅದೇ ವಿಜ್ಞಾನದ ಮೇಷ್ಟ್ರು ಲಾಂಗ್ ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಹಾಕಿಸಿ, ಎಡಕ್ಕೆ ಕನ್ನಡ ಪದ, ಬಲಕ್ಕೆ ಇಂಗ್ಲಿಷ್ ಪದ ಬರೆಸಲು ಶುರು ಮಾಡಿದರು. "ಪರೀಕ್ಷೆಗೆ ಬರುತ್ತಾ ಸಾರ್?" ಎಂದು ಕೇಳಿದೆವು. ಇಲ್ಲ ಎಂದರು. ಅರ್ಧ ಕ್ಲಾಸು ಪೆನ್ನು ಕೆಳಗಿಟ್ಟಿತು. ನಾನು ಅರವತ್ತು ಪದಗಳ ತನಕ ಬರೆದು ನಿಲ್ಲಿಸಿದೆ. ಒಂಬತ್ತು ಅಂಕ ಬಂದ ಮೇಲೆ ಅಟ್ಟ ಹತ್ತಿ ಆ ನೋಟ್‌ಬುಕ್ ಹುಡುಕಿದೆ. ಅರವತ್ತೊಂದನೆಯ ಸಾಲು ಖಾಲಿ ಇತ್ತು. ಸಾರ್, ನೀವು ಮುಂದಿನ ಸಾಲಿನಲ್ಲೇ ಕುಳಿತಿದ್ದೀರಿ. ಅವತ್ತು ಬರೆಯದಿದ್ದುದಕ್ಕೆ ಕ್ಷಮೆ ಇರಲಿ.

ಆಟದ ನಿಯಮವನ್ನು ನಾನು ಪೂರ್ತಿ ಒಪ್ಪುವವನಲ್ಲ ಎಂದೂ ಹೇಳಬೇಕು. ಹಳೆಯ ಕಸುಬು ಎದ್ದು ಬಂದರೂ ಅದು ಮುಂದೆ ಬೆಳೆಯುವುದಿಲ್ಲ. ಯೋಧನ ಏಳು ಕೊನೆಯವರೆಗೂ ಏಳೇ. ನನ್ನ ವಿಜ್ಞಾನದ ಕನ್ನಡವೂ ಹತ್ತನೇ ಕ್ಲಾಸಿನಲ್ಲೇ ನಿಂತಿತ್ತು. ದಿನಾ ಮಾಡುವ ಕೆಲಸವನ್ನು ಅಪ್ಪನಿಗೆ ಕನ್ನಡದಲ್ಲಿ ವಿವರಿಸಲು ಹದಿಮೂರು ವರ್ಷ ಆಗಲಿಲ್ಲ, "ಕಂಪ್ಯೂಟರ್ ಕೆಲಸ" ಎಂದು ಮುಗಿಸುತ್ತಿದ್ದೆ. ಈ ಭಾಷಣ ಬರೆಯಲು ನಾಲ್ಕು ಭಾನುವಾರ ಹಿಡಿಯಿತು. ಆದರೆ ನಾನು ಆಟದ ಪಾತ್ರವಲ್ಲವಲ್ಲ. ಐದನೆಯ ಭಾನುವಾರವೂ ಕುಳಿತುಕೊಳ್ಳಬಹುದು.

ಆ ಭಾನುವಾರಗಳಲ್ಲಿ ಇನ್ನೊಂದು ಕೆಲಸವೂ ಆಗಿದೆ. ಬಸ್ಸಿನ ಅಕ್ಕ ಈಗ ಪಕ್ಕದ ತಾಲ್ಲೂಕಿನಲ್ಲಿ ಶಿಕ್ಷಕಿ. ಅವರು, ನಾನು, ನನ್ನ ಗೆಳೆಯ ಮೂವರೂ ಸೇರಿ ಮೇಷ್ಟ್ರ ಎರಡು ಕಾಲಮ್ಮಿನ ಪಟ್ಟಿಯನ್ನು ಅರವತ್ತೊಂದನೆಯ ಸಾಲಿನಿಂದ ಮುಂದುವರಿಸಿದ್ದೇವೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಗಣಿತ. ಪ್ರತಿ ಪದದ ಎದುರಿಗೆ ನಮ್ಮೂರಿನಲ್ಲೇ ಕಾಣುವ ಒಂದು ಉದಾಹರಣೆ. ವಿದ್ಯುತ್ತಿನ ಪುಟಗಳನ್ನು ಪೂರ್ತಿ ನನ್ನ ಗೆಳೆಯ ನೋಡಿಕೊಂಡಿದ್ದಾನೆ, ನಾನು ಬರೆದದ್ದರಲ್ಲಿ ಮೂರು ತಪ್ಪು ಹಿಡಿದ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮರು ಸೋಮವಾರದಿಂದ ಕಾಲೇಜು ಶುರುವಾಗುವ ತನಕ, ಸಂಜೆ ಐದಕ್ಕೆ, ಇದೇ ಶಾಲೆಯ ಹತ್ತನೇ ಕ್ಲಾಸಿನ ಕೋಣೆಯಲ್ಲಿ ಓದಿಸುವುದೆಂದು ಮುಖ್ಯೋಪಾಧ್ಯಾಯರ ಒಪ್ಪಿಗೆ ಸಿಕ್ಕಿದೆ. ನಾನು ಶನಿವಾರ, ಭಾನುವಾರ ಬರುತ್ತೇನೆ. ಬುಧವಾರ, ಗುರುವಾರಕ್ಕೆ ಇನ್ನೂ ಯಾರೂ ಸಿಕ್ಕಿಲ್ಲ, ಹಳೆಯ ವಿದ್ಯಾರ್ಥಿಗಳು ಹೆಸರು ಕೊಡಬೇಕು.

ಪುಸ್ತಕಗಳನ್ನು ಬಾಗಿಲ ಬಳಿ, ಸಹಿ ಮಾಡುವ ರಿಜಿಸ್ಟರಿನ ಪಕ್ಕ ಇಟ್ಟಿದ್ದೇವೆ. ಜೊತೆಗೆ ಪೆನ್ಸಿಲೂ ಇದೆ. ಪದ ತಪ್ಪಿದ್ದರೆ ಅಲ್ಲೇ ತಿದ್ದಿ, ಪಕ್ಕದಲ್ಲಿ ನಿಮ್ಮ ಬ್ಯಾಚಿನ ವರ್ಷ ಬರೆಯಿರಿ. ಮೇಷ್ಟ್ರೇ, ಮೊದಲ ಪ್ರತಿ ನಿಮ್ಮ ಕೈಗೆ ಬರುತ್ತಿದೆ, ಕೆಂಪು ಶಾಯಿಯನ್ನೇ ಬಳಸಿ.